ಮೂರು ಗುಡಿಗಳ ಲೂರ್ದಕ್ಕ

ಲೂರ್ದಕ್ಕನ ಪೂರ್ತಿ ಹೆಸರು ಲೂರ್ದು ಮೇರಿ. ಆ ಹೆಸರು ಹಿಡಿದು ಅವಳನ್ನು ಕೂಗುತ್ತಿದ್ದವರು ಬಸ್ ಡಿಪೋದವರು ಮಾತ್ರ. ಕಂಪ್ಲಿಯಿಂದ ಹೊಸಪೇಟೆ, ಹೊಸಪೇಟೆಯಿಂದ ಸಂಡೂರು, ಆ ದಾರಿಯಲ್ಲಿ ಸರ್ಕಾರಿ ಬಸ್ಸು ಹತ್ತುವ ಭತ್ತದ ವ್ಯಾಪಾರಿಗಳಿಗೆ, ಬುಕ್ಕಸಾಗರದಿಂದ ಕಾಲೇಜಿಗೆ ಹೋಗುವ ಹುಡುಗಿಯರಿಗೆ, ಮೈನ್ಸಿನ ಕೂಲಿಗಳಿಗೆ ಅವಳು ಲೂರ್ದಕ್ಕನೇ. ಸೀರೆಯ ಮೇಲೆ ಖಾಕಿ ಅಂಗಿ, ಹೆಗಲಲ್ಲಿ ಚರ್ಮದ ಚೀಲ, ಕಿವಿಯ ಹಿಂದೆ ಪೆನ್ನು. ಸೀಟಿನ ಜಗಳ ಬಿಡಿಸುವಾಗ ದನಿ ಏರಿಸುತ್ತಿರಲಿಲ್ಲ. ಇಬ್ಬರ ನಡುವೆ ತಾನೇ ಹೋಗಿ ನಿಂತುಬಿಡುತ್ತಿದ್ದಳು. ಅಷ್ಟಕ್ಕೇ ಜಗಳ ತಣ್ಣಗಾಗುತ್ತಿತ್ತು.

ಅವಳ ಅಪ್ಪ ಅಣೆಕಟ್ಟು ಕಟ್ಟುವ ಕಾಲಕ್ಕೆ ಸೇಲಂ ಕಡೆಯಿಂದ ಹೊಸಪೇಟೆಗೆ ಕೆಲಸಕ್ಕೆ ಬಂದವನು. ಲೂರ್ದಕ್ಕ ಹುಟ್ಟಿ ಬೆಳೆದದ್ದು ಡ್ಯಾಂ ಕಾಲೋನಿಯಲ್ಲಿ. ಕೊಟ್ಟದ್ದು ಕಂಪ್ಲಿಗೆ, ಬಸ್ ಡ್ರೈವರ್ ಚಿನ್ನಪ್ಪನಿಗೆ. ಮದುವೆಯಾಗಿ ಒಂಬತ್ತನೇ ವರ್ಷ ಚಿನ್ನಪ್ಪ ಕಾಮಾಲೆಯಲ್ಲಿ ತೀರಿಕೊಂಡ. ಅನುಕಂಪದ ಮೇಲೆ ಇವಳಿಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಸಣ್ಣ ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಗಂಡ ಓಡಿಸಿದ ದಾರಿಯಲ್ಲೇ ಟಿಕೆಟ್ ಹರಿಯತೊಡಗಿದಳು.

ಕೆಲಸದಲ್ಲಿ ಅವಳನ್ನು ಕಾಡುತ್ತಿದ್ದದ್ದು ಭಾನುವಾರ ಒಂದೇ. ವಾರದ ರಜೆ ಬುಧವಾರ ಬರುತ್ತಿತ್ತು. ಭಾನುವಾರ ಡ್ಯೂಟಿ ತಪ್ಪುತ್ತಿರಲಿಲ್ಲ. ಹಾಗಾಗಿ ಪೂಜೆಯ ಹೊತ್ತಿಗೆ ಬಸ್ಸು ಎಲ್ಲಿ ತಂಗುತ್ತದೋ ಅಲ್ಲಿಯ ಕ್ರೈಸ್ತ ಗುಡಿಗೆ ಓಡುತ್ತಿದ್ದಳು. ಒಂದು ವಾರ ಹೊಸಪೇಟೆಯ ಡ್ಯಾಂ ಕಾಲೋನಿಯ ಕಲ್ಲಿನ ದೇವಾಲಯ. ಅಲ್ಲಿ ತಮಿಳು ಹಾಡು, ಹಾರ್ಮೋನಿಯಂ, ಇಸ್ತ್ರಿ ಮಾಡಿದ ಬಿಳಿ ಅಂಗಿಗಳು. ಇನ್ನೊಂದು ವಾರ ಸಂಡೂರಿನ ತಗಡಿನ ಶೆಡ್ಡು. ಅಲ್ಲಿ ಜಾರ್ಖಂಡದಿಂದ ಮೈನ್ಸಿಗೆ ಬಂದ ಗಂಡಸರು ತಮ್ಮದೇ ಭಾಷೆಯಲ್ಲಿ ಹಾಡುತ್ತಿದ್ದರು, ಕೆಂಪು ಧೂಳು ಬಲಿಪೀಠದ ಬಟ್ಟೆಯ ಮೇಲೂ ಕೂತಿರುತ್ತಿತ್ತು. ಮತ್ತೊಂದು ವಾರ ಕಂಪ್ಲಿಯಲ್ಲಿ ಕಾಲುವೆ ದಂಡೆಯ ಸಣ್ಣ ಗುಡಿ. ಅಲ್ಲಿಯ ಜನ ಭತ್ತದ ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲು ಮಾಡುವವರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಪ್ರಾರ್ಥಿಸುವವರು. ಲೂರ್ದಕ್ಕನಿಗೆ ಮೂರೂ ಕಡೆ ಹಾಡು ಬರುತ್ತಿತ್ತು. ಆದರೆ ಖಾಕಿ ತೊಟ್ಟು ಕೊನೆಗೆ ಬಂದು, ಪರಮಪ್ರಸಾದ ತೆಗೆದುಕೊಂಡು ಮೊದಲು ಎದ್ದು ಓಡುವ ಹೆಂಗಸನ್ನು ಯಾವ ಗುಡಿಯವರೂ ನಮ್ಮವಳು ಎಂದು ಎಣಿಸುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಒಮ್ಮೊಮ್ಮೆ ಬೇಸರವಾಗುತ್ತಿತ್ತು, ಆದರೆ ಯಾರ ಮುಂದೂ ಹೇಳಿಕೊಂಡವಳಲ್ಲ.

ಎರಡು ಸಾವಿರದ ಐದನೇ ಇಸವಿ ಶುರುವಾದಾಗ ಕಂಪ್ಲಿ ಗುಡಿಯ ಹಿರಿಯ ಗುರುಗಳು ಕಾಯಿಲೆ ಬಿದ್ದು ಊರು ಬಿಟ್ಟರು. ಅವರ ಜಾಗಕ್ಕೆ ಬೇರೆಯವರು ಬರಲಿಲ್ಲ. ಈ ಮೂರು ಗುಡಿಗಳ ಧರ್ಮಕೇಂದ್ರಗಳೂ ಕೂಡಿ ನಡೆಯಬೇಕು, ಗುರುಗಳನ್ನೂ ಕೆಲಸವನ್ನೂ ಹಂಚಿಕೊಳ್ಳಬೇಕು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಿಂದಲೇ ಹೊಸದಾಗಿ ಶುರುಮಾಡಬೇಕು ಎಂದು ಧರ್ಮಾಧ್ಯಕ್ಷರಿಂದ ಹೇಳಿಕೆ ಬಂತು. ಹೊಸಪೇಟೆಯ ಫಾದರ್ ಗಿಲ್ಬರ್ಟ್ ದೇವಾಲಯದ ಹಿಂದಿನ ಹಾಲಿನಲ್ಲಿ ಸಭೆ ಕರೆದರು. ಅವರು ಮಂಗಳೂರು ಕಡೆಯವರು, ಕನ್ನಡ ಪುಸ್ತಕದಂತೆ ಮಾತಾಡುವವರು. ಇಲ್ಲಿಯ ಗುಡಿಗಳ ನಡುವಿನ ಜಗಳ ಎಷ್ಟು ಆಳದ್ದು ಎಂಬುದು ಅವರಿಗೆ ಇನ್ನೂ ತಿಳಿದಿರಲಿಲ್ಲ.

ಸಭೆ ಅರ್ಧ ಗಂಟೆಯಲ್ಲೇ ಕೆಟ್ಟಿತು. ಡ್ಯಾಂ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ಇನ್ನಾಸಿಮುತ್ತು ಹೊಸಪೇಟೆಯ ಹಾಡುಗಾರರ ಮುಖಂಡ. ಅವನು ಎದ್ದು ನಿಂತ.

"ಫಾದರ್, ಕೂಡೋದೇನೋ ಕೂಡೋಣ. ಆದ್ರ ಪೂಜಿ ಯಾವ ಭಾಷಿಯೊಳಗ, ಹಬ್ಬ ಯಾವ ಗುಡಿಯೊಳಗ, ಅದು ಮೊದ್ಲು ತೀರ್ಮಾನ ಆಗ್ಲಿ. ನಮ್ಮ ಅಪ್ಪಂದಿರು ಕಲ್ಲು ಹೊತ್ತು ಕಟ್ಟಿದ ಗುಡಿ ಇದು."

ಸಂಡೂರಿನಿಂದ ಬಂದಿದ್ದ ಬೆನೆದಿಕ್, ಮೈನ್ಸಿನಲ್ಲಿ ಬಂಡೆ ಕೊರೆಯುವ ಯಂತ್ರ ನಡೆಸುವವನು, ಹಿಂದಿ ಬೆರೆಸಿದ ಕನ್ನಡದಲ್ಲಿ, ನಮ್ಮ ಹಾಡು ಹಾಡಬೇಡಿ ಅಂದರೆ ನಮ್ಮ ಹುಡುಗರು ಬರುವುದಿಲ್ಲ ಎಂದ. ಕಂಪ್ಲಿಯಲ್ಲಿ ಧರ್ಮಬೋಧನೆ ಹೇಳಿಕೊಡುವ ಉಪದೇಶಿ ರಾಯಪ್ಪ ಹಣೆ ಒರೆಸಿಕೊಂಡು ಬೇರೆಯೇ ಗೋಳು ತೆಗೆದ.

"ನಮ್ಮ ಗುಡಿಗೆ ಬರೋರ ಇಲ್ಲ, ಫಾದರ್. ಬೆಂಚು ಖಾಲಿ ಬಿದ್ದಾವ. ಜನರೊಳಗ ವಿಶ್ವಾಸ ಕಮ್ಮಿ ಆಗೈತಿ. ಯಾರರ ದೊಡ್ಡ ಬೋಧಕರನ್ನ ಕರೆಸ್ರಿ, ಪೆಂಡಾಲ್ ಹಾಕಿಸ್ರಿ, ಭಾರಿ ಧ್ಯಾನಕೂಟ ಮಾಡಿಸ್ರಿ. ಆವಾಗ ಜನ ತಿರುಗಿ ಬರ್ತಾರ."

ಧ್ಯಾನಕೂಟದ ಮಾತು ಎಲ್ಲರಿಗೂ ಹಿಡಿಸಿತು. ಪೆಂಡಾಲ್ ಯಾವ ಊರಿನಲ್ಲಿ ಎನ್ನುವುದಕ್ಕೆ ಮತ್ತೆ ಜಗಳ ಹತ್ತಿತು. ಆಗ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ ಲೂರ್ದಕ್ಕ, ಡ್ಯೂಟಿ ಮುಗಿಸಿ ನೇರ ಬಂದವಳು, ಕೈ ಎತ್ತಿದಳು.

"ನೀನು ಯಾವ ಗುಡಿಯಾಕಿ?" ಎಂದು ಇನ್ನಾಸಿಮುತ್ತು ಕೇಳಿದ. ಅವಳನ್ನು ಎತ್ತಿ ಆಡಿಸಿದವನೇ. ಆದರೂ ಕೇಳಿದ.

"ಭಾನುವಾರ ಬಸ್ಸು ಎಲ್ಲಿ ನಿಲ್ತೈತೋ ಆ ಗುಡಿಯಾಕಿ, ಮಾಮಾ," ಎಂದಳು. ಕೆಲವರು ನಕ್ಕರು. ಅವಳು ನಗಲಿಲ್ಲ.

"ರಾಯಪ್ಪಣ್ಣ, ನಿಮ್ಮ ಬೆಂಚು ಯಾಕ ಖಾಲಿ ಅದಾವ ಅಂತ ನಂಗ ಗೊತ್ತೈತಿ. ನಾನ ಟಿಕೆಟ್ ಹರದು ಕೊಟ್ಟೀನಿ. ಅನ್ನಮ್ಮನ ಮನಿಯವರು, ತೋಮಾಸಪ್ಪನ ಮನಿಯವರು, ಕಾಲುವಿ ಓಣಿ ಅರ್ಧಕ್ಕರ್ಧ ಸಂಡೂರು ರಸ್ತಿಗೆ ಹೋಗ್ಯಾರ, ಅದಿರು ಒಡಿಯಾಕ. ಗದ್ದಿ ಕೂಲಿಗಿಂತ ಅಲ್ಲಿ ಜಾಸ್ತಿ ಸಿಗ್ತೈತಿ. ತಾಡಪಾಲು ಹಾಕ್ಕೊಂಡು ಮಕ್ಕಳು ಮರಿ ಕರ್ಕೊಂಡು ಅಲ್ಲೇ ಅದಾರ. ವಿಶ್ವಾಸ ಎಲ್ಲೂ ಹೋಗಿಲ್ಲ. ಅವರು ಸಂಡೂರಿಗೆ ಹೋದ್ರು ಅಂತ ನೀವು ಬಿಟ್ರಿ. ಕಂಪ್ಲಿಯವರು ಅಂತ ಸಂಡೂರಿನವರು ಬಿಟ್ರು. ಹೊಸಪ್ಯಾಟಿಯವರಿಗೆ ಗೊತ್ತ ಇಲ್ಲ. ನೋಡಿ ಬರೋಣ ನಡೀರಿ. ಪೆಂಡಾಲ್ ಆಮ್ಯಾಲ ಹಾಕೋಣಂತ."

ರಾಯಪ್ಪ ತಲೆ ತಗ್ಗಿಸಿದ. ಫಾದರ್ ಗಿಲ್ಬರ್ಟ್, "ಬರುವ ಬುಧವಾರ ಹೋಗೋಣ. ಲೂರ್ದಮ್ಮನವರು ದಾರಿ ತೋರಿಸಲಿ," ಎಂದರು.

ಆ ಬುಧವಾರ ಹೋದದ್ದು ಒಂದು ಸಣ್ಣ ಗುಂಪು. ಹೊಸಪೇಟೆಯ ಹೆಂಗಸರು ಹಳೆ ಬಟ್ಟೆಯ ಗಂಟು, ತಮಿಳಿನ ಜಪದ ಪುಸ್ತಕ ಹೊತ್ತು ತಂದಿದ್ದರು. ರಸ್ತೆಯ ಪಕ್ಕ ಒಂದು ಕಾಲಕ್ಕೆ ಶೇಂಗಾ ಬೆಳೆಯುತ್ತಿದ್ದ ಹೊಲ ಈಗ ಅದಿರಿನ ಗುಡ್ಡೆಗಳಿಂದ ತುಂಬಿತ್ತು. ನೀಲಿ ತಾಡಪಾಲಿನ ಗುಡಿಸಲುಗಳು ಸಾಲಾಗಿ ಧೂಳಿಗೆ ಕೆಂಪಾಗಿದ್ದವು. ಹೆಂಗಸರು ಕೂತು ಸುತ್ತಿಗೆಯಿಂದ ಅದಿರು ಒಡೆದು ಚೂರು ಮಾಡುತ್ತಿದ್ದರು. ಅವರ ಪಕ್ಕದಲ್ಲಿ ಮಕ್ಕಳೂ ಸಣ್ಣ ಸುತ್ತಿಗೆ ಹಿಡಿದು ಒಡೆಯುತ್ತಿದ್ದರು. ನಡೆಯಲಾಗದ ಕೂಸುಗಳು ಗುಡ್ಡೆಯ ನೆರಳಿನಲ್ಲಿ ಮಲಗಿದ್ದವು. ಟಿಪ್ಪರ್ ಲಾರಿಗಳು ಹಿಂದಕ್ಕೆ ಬಂದು ಅದಿರು ಸುರಿದು ಹೋಗುತ್ತಿದ್ದವು. ಯಾರ ಮುಖವೂ ಗುರುತು ಸಿಗುತ್ತಿರಲಿಲ್ಲ. ರಾಯಪ್ಪ ಒಬ್ಬಳ ಎದುರು ನಿಂತು ದಿಟ್ಟಿಸಿ ನೋಡಿದ. ಆಮೇಲೆ, "ಅನ್ನಮ್ಮಾ?" ಎಂದ.

ಅವಳು ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು. "ಸ್ತೋತ್ರ, ಉಪದೇಶಿಯವರ," ಎಂದು ಕೈ ಮುಗಿದಳು. ಆಮೇಲೆ ಅಳು ಬಂತು. ತನಗೆ ಮದುವೆಯ ಬೋಧನೆ ಹೇಳಿಕೊಟ್ಟವನು ತನ್ನನ್ನು ಹುಡುಕಿಕೊಂಡು ಬಂದನಲ್ಲ ಎಂದು.

ಬಟ್ಟೆಯ ಗಂಟು ಬಿಚ್ಚಿದಾಗ ಗುಡಿಸಲಿನ ಹೆಂಗಸರು ಸುಮ್ಮನೆ ತೆಗೆದುಕೊಂಡರು. ಪುಸ್ತಕ ತಿರುವಿ ನೋಡಿ ಮಡಚಿಟ್ಟರು. ಹೊರಡುವ ಹೊತ್ತಿಗೆ ಅನ್ನಮ್ಮ ಲೂರ್ದಕ್ಕನ ಕೈ ಹಿಡಿದು ಪಕ್ಕಕ್ಕೆ ಕರೆದಳು.

"ಅಕ್ಕಾ, ಅರಿವಿ ಬ್ಯಾಡಬೇ. ಮೊನ್ನಿ ನಮ್ಮ ಬಾಜು ಗುಡಿಸಲಿನ ಉಚ್ಚೆಂಗಮ್ಮನ ಹುಡುಗನ ಕಾಲ ಮ್ಯಾಲೆ ಟಿಪ್ಪರ್ ಹೋಯ್ತು. ಜೀವ ಉಳೀತು, ಕಾಲು ಉಳೀಲಿಲ್ಲ. ಹಗಲೊತ್ತು ಯಾರರ ಮಕ್ಕಳನ್ನ ನೋಡಿಕೊಂಡ್ರ ಸಾಕು. ನಾವು ಬಗ್ಗಿಸಿದ ತಲಿ ಎತ್ತಾಕ ಆಗಂಗಿಲ್ಲ ಇಲ್ಲಿ."

ತಿರುಗಿ ಬರುವ ಬಸ್ಸಿನಲ್ಲಿ ಲೂರ್ದಕ್ಕ ಆ ದಿನ ಟಿಕೆಟ್ ಕೊಂಡು ಪ್ರಯಾಣಿಕಳಾಗಿ ಕೂತಿದ್ದಳು. ತಾನು ಎಷ್ಟೋ ತಿಂಗಳಿಂದ ಆ ಗುಡಿಸಲುಗಳ ಮುಂದೆಯೇ ಓಡಾಡಿದ್ದು, ಒಂದು ಸಲವೂ ಇಳಿದು ನೋಡದಿದ್ದದ್ದು ಮನಸ್ಸನ್ನು ಕೊರೆಯುತ್ತಿತ್ತು. ಮನೆಗೆ ಬಂದು ಅತ್ತೆಗೆ ಹೇಳಿದಳು. ಆ ಮುದುಕಿ, "ಹಂಗಾದ್ರ ಜಾಗ ಹುಡುಕು. ಕುಂತು ಅತ್ರ ಆ ಕೂಸುಗಳಿಗೇನು ಬಂತು?" ಎಂದಳು.

ಜಾಗ ಆ ಹೊಲದ ಯಜಮಾನನ ಹತ್ತಿರವೇ ಇತ್ತು. ಕೊಟ್ರಬಸಪ್ಪ ತನ್ನ ಹೊಲವನ್ನು ಅದಿರು ಗುತ್ತಿಗೆದಾರನಿಗೆ ಬಾಡಿಗೆಗೆ ಕೊಟ್ಟಿದ್ದ. ಆದರೆ ಹೊಲದ ಮೂಲೆಯಲ್ಲಿ ಶೇಂಗಾ ತುಂಬಿಡುತ್ತಿದ್ದ ಹಳೆ ಕೋಣೆ, ಅದರ ಮುಂದಿನ ಬೇವಿನ ಮರ ಅವನ ಕೈಯಲ್ಲೇ ಉಳಿದಿದ್ದವು. ವಾರಕ್ಕೆ ಎರಡು ಸಲ ಹೊಸಪೇಟೆಗೆ ಬಸ್ಸಿನಲ್ಲಿ ಹೋಗುವವನು. ಲೂರ್ದಕ್ಕ ಅವನ ಮನೆಗೇ ಹೋಗಿ ಕೇಳಿದಳು. ಅವನು ಅಂಗಳದ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಕೇಳಿಸಿಕೊಂಡು ಎಲೆಯ ತಟ್ಟೆ ಪಕ್ಕಕ್ಕೆ ಸರಿಸಿದ.

"ನೇರ ಕೇಳ್ತೀನಿ, ತಪ್ಪು ತಿಳೀಬ್ಯಾಡವಾ. ಮಕ್ಕಳ ಹೆಸರಿನ ಮ್ಯಾಲೆ ಮತ ಬದಲು ಮಾಡಾಕ ಬಂದೀರೇನು?"

"ಇಲ್ರಿ ಗೌಡ್ರ. ಮಕ್ಕಳನ್ನ ಲಾರಿ ಗಾಲಿಯಿಂದ ದೂರ ಇಡಾಕ ಬಂದೀವಿ. ನನ್ನ ಮಾತು ನಂಬಬ್ಯಾಡ್ರಿ. ನಿಮ್ಮ ಮನಿ ಅಮ್ಮಾರನ್ನ ದಿನಾ ಕಳಿಸ್ರಿ, ಬಂದು ಕುಂದ್ರಲಿ, ನೋಡ್ಲಿ. ಬ್ಯಾಡಂದ ದಿನ ಬೀಗ ಹಾಕ್ಕೊಂಡು ಹೋಗ್ತೀವಿ."

ಅವನ ಹೆಂಡತಿ ಸುವರ್ಣಮ್ಮ ಒಳಗಿನಿಂದ ಕೇಳಿಸಿಕೊಂಡಿದ್ದಳು. ಬಾಗಿಲಿಗೆ ಬಂದು, "ನಾ ಹೋಗ್ತೀನ್ರಿ. ಮನ್ಯಾಗ ಕುಂತು ಧೂಳು ಜಾಡಿಸೋದ ಆಗೈತಿ," ಎಂದಳು. ಕೊಟ್ರಬಸಪ್ಪ ಹೆಂಡತಿಯ ಮುಖ ನೋಡಿದ. ಕೀಲಿಕೈ ಕೊಟ್ಟ.

ಕೋಣೆ ಸರಿಮಾಡುವ ಕೆಲಸದಲ್ಲೇ ಮೂರು ಗುಡಿಗಳ ಜನ ಮೊದಲ ಸಲ ಒಬ್ಬರ ಮೈಗೊಬ್ಬರು ತಾಗಿ ನಿಂತರು. ಬೆನೆದಿಕ್ ತನ್ನ ಹುಡುಗರೊಡನೆ ನೆಲ ಮಟ್ಟ ಮಾಡಿದ. ಕಂಪ್ಲಿಯವರು ಮಣ್ಣು ಕಲಸಿ ಗೋಡೆಯ ಬಿರುಕು ಮುಚ್ಚಿದರು. ಇನ್ನಾಸಿಮುತ್ತು ಬರುವುದಿಲ್ಲ ಎಂದವನು, ಕೊನೆಗೆ ಚಾವಣಿಗೆ ತಗಡು ಹೊಡೆಯುವುದನ್ನು ಬೇರೆಯವರು ಕೆಡಿಸಿಯಾರು ಎಂಬ ಚಿಂತೆಗೆ ತನ್ನ ಸ್ಪ್ಯಾನರ್ ಚೀಲ ಹೊತ್ತು ಬಂದ. ಬೆನೆದಿಕ್ ಕೆಳಗಿನಿಂದ ತಗಡು ಎತ್ತಿ ಕೊಡುತ್ತ ತನ್ನ ಭಾಷೆಯಲ್ಲಿ ಗುನುಗುತ್ತಿದ್ದ. ಮುದುಕ ಮೇಲಿನಿಂದ ಕಿವಿಗೊಟ್ಟು ಕೇಳಿದ. ಆಮೇಲೆ, "ಅದು ಯಾವ ಹಾಡಲೇ? ಇನ್ನೊಮ್ಮೆ ಹಾಡು, ಮೇಲಿನ ಸ್ವರ ತಪ್ಪಾಕತ್ತೀ," ಎಂದ. ಅದೇ ಅವರಿಬ್ಬರ ಗೆಳೆತನದ ಶುರು. ಈಸ್ಟರ್ ಹೊತ್ತಿಗೆ ಇಬ್ಬರೂ ಕೂಡಿ ಸಂಡೂರಿನ ಹುಡುಗರಿಗೆ ಹಾರ್ಮೋನಿಯಂ ಜೊತೆ ಹಾಡಲು ಕಲಿಸುತ್ತಿದ್ದರು.

ಮಕ್ಕಳ ಮನೆ ನಡೆಯತೊಡಗಿತು. ವಾರದ ಮೊದಲ ದಿನಗಳು ಹೊಸಪೇಟೆಯವರ ಪಾಳಿ, ನಡುವೆ ಕಂಪ್ಲಿಯವರದು, ಕೊನೆಗೆ ಸಂಡೂರಿನವರದು. ಬುಧವಾರ ಲೂರ್ದಕ್ಕ ತಪ್ಪದೆ ಇರುತ್ತಿದ್ದಳು. ಗಂಜಿ, ಅಕ್ಷರ, ಹಾಡು, ಮಧ್ಯಾಹ್ನದ ನಿದ್ದೆ. ಸುವರ್ಣಮ್ಮ ದಿನವೂ ಬಂದು ಮೊದಲು ಕಾವಲು ಕೂತಳು, ಆಮೇಲೆ ಮಕ್ಕಳ ತಲೆ ಬಾಚತೊಡಗಿದಳು. ಉಚ್ಚೆಂಗಮ್ಮನ ಹುಡುಗನಿಗೆ ಇನ್ನಾಸಿಮುತ್ತು ಬಿದಿರಿನ ಊರುಗೋಲು ಮಾಡಿಕೊಟ್ಟ. ಜಗಳಗಳೂ ಇದ್ದವು. ಪಾಳಿ ತಪ್ಪಿಸಿದವರ ಮೇಲೆ ಸಿಟ್ಟು, ಗಂಜಿಗೆ ಬೇಳೆ ಹಾಕಿದವರು ಯಾರು ಹಾಕದವರು ಯಾರು ಎಂಬ ಗೊಣಗಾಟ. ಲೂರ್ದಕ್ಕ ಬಸ್ಸಿನಲ್ಲಿ ಮಾಡುವಂತೆಯೇ ನಡುವೆ ಹೋಗಿ ನಿಲ್ಲುತ್ತಿದ್ದಳು.

ಹೊಡೆತ ಬಿದ್ದದ್ದು ಬೇರೆ ಕಡೆಯಿಂದ. ಮಕ್ಕಳು ಹಗಲೆಲ್ಲ ಕೋಣೆಯಲ್ಲಿ ಉಳಿದದ್ದರಿಂದ ಗುಡ್ಡೆ ಒಡೆಯುವುದು ನಿಧಾನವಾಯಿತು. ಗುತ್ತಿಗೆದಾರ ಸಿಟ್ಟಾದ. ಮಕ್ಕಳನ್ನು ಕೋಣೆಗೆ ಕಳಿಸುವವರಿಗೆ ಸೋಮವಾರದಿಂದ ಕೆಲಸವಿಲ್ಲ, ಭಾನುವಾರ ಬಂದು ಆ ಕೋಣೆಯನ್ನೇ ಕೆಡವಿಸುತ್ತೇನೆ ಎಂದು ಕೂಗಾಡಿ ಹೋದ. ಅನ್ನಮ್ಮ ಸುದ್ದಿ ಹೇಳಿ ಕಳಿಸಿದಳು. ಲೂರ್ದಕ್ಕ ಡ್ಯೂಟಿ ಮುಗಿಸಿ ಅವನನ್ನು ಹುಡುಕಿಕೊಂಡು ಹೋದಳು. ಅವನು ಜೀಪಿನಿಂದ ಇಳಿಯಲೂ ಇಲ್ಲ.

"ಟಿಕೆಟ್ ಹರಿಯೋಳು ಟಿಕೆಟ್ ಹರಿ. ನಿಮ್ಮ ಮೂರು ಊರಿನ ಜನ ಒಂದು ಕಡೆ ಕುಂತು ಊಟ ಮಾಡಿದ್ದು ನಾ ನೋಡಿಲ್ಲ. ನಿನ್ನ ಹಿಂದ ಯಾರು ಬರ್ತಾರ?"

ಆ ಮಾತು ಅವಳಿಗೆ ನಾಟಿತು. ಯಾಕೆಂದರೆ ಅವಳಿಗೂ ಅದೇ ಭಯವಿತ್ತು. ಗೋಡೆಗೆ ಮಣ್ಣು ಮೆತ್ತಲು ಬರುವುದು ಬೇರೆ, ದುಡ್ಡಿದ್ದವನ ಎದುರು ಬಂದು ನಿಲ್ಲುವುದು ಬೇರೆ. ಫಾದರ್ ಗಿಲ್ಬರ್ಟರಿಗೆ ಹೇಳಿದಳು. ಅವರು ಮೂರೂ ಗುಡಿಗಳಿಗೆ ಹೇಳಿ ಕಳಿಸಿದರು. ಭಾನುವಾರ ಅವಳಿಗೆ ಡ್ಯೂಟಿ. ರಜೆ ಕೇಳಿದಳು, ಸಿಗಲಿಲ್ಲ.

ಆ ಬೆಳಿಗ್ಗೆ ಕಂಪ್ಲಿ ಬಸ್ ನಿಲ್ದಾಣದಲ್ಲಿ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಡ್ರೈವರ್ ಮಾರೆಪ್ಪ ಬಸ್ಸು ಚಾಲೂ ಮಾಡಿದ. ಆಗ ಕಾಲುವೆ ಓಣಿಯ ಕಡೆಯಿಂದ ರಾಯಪ್ಪ ಮುಂದೆ, ಅವನ ಹಿಂದೆ ಹೆಂಗಸರು ಗಂಡಸರು ಬರುವುದು ಕಂಡಿತು. ಅವಳ ಅತ್ತೆಯೂ ಮೊಮ್ಮಗಳ ಕೈ ಹಿಡಿದು ಬರುತ್ತಿದ್ದಳು. ಎಲ್ಲರೂ ಹತ್ತಿದರು. ಲೂರ್ದಕ್ಕ ಟಿಕೆಟ್ ಹರಿದು ಕೊಟ್ಟಳು. ಹೊಸಪೇಟೆ ಮುಟ್ಟಿದಾಗ ಪ್ಲಾಟ್‌ಫಾರ್ಮಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿಗಳ ಸಾಲು ನಿಂತಿತ್ತು. ಇನ್ನಾಸಿಮುತ್ತು ಮೊದಲು ಹತ್ತಿದ. ಸೀಟು ಇರಲಿಲ್ಲ. ಕಂಬಿ ಹಿಡಿದು ನಿಂತ. ಫಾದರ್ ಗಿಲ್ಬರ್ಟ್ ಮೆಟ್ಟಿಲ ಮೇಲೆ ನಿಂತರು. ಮಾರೆಪ್ಪ ಹಿಂದಿರುಗಿ ನೋಡಿ, "ಏನಕ್ಕಾ, ಇವತ್ತು ನಿಮ್ಮ ಹಬ್ಬ ಐತೇನು?" ಎಂದ. ಅವಳು ಸೀಟಿ ಊದಿದಳು.

ಹೊಲದ ಹತ್ತಿರ ಎಲ್ಲರನ್ನೂ ಇಳಿಸಿದಾಗ ಗುತ್ತಿಗೆದಾರನ ಜೀಪು ಬೇವಿನ ಮರದಡಿ ಆಗಲೇ ನಿಂತಿತ್ತು. ಇಳಿಯಬೇಕು ಎಂದು ಅವಳ ಜೀವ ತುಡಿಯುತ್ತಿತ್ತು. ಆದರೆ ಬಸ್ಸಿನಲ್ಲಿ ಉಳಿದ ಪ್ರಯಾಣಿಕರಿದ್ದರು. ಹಿಂದಿನ ಕಿಟಕಿಯಿಂದ ನೋಡಿದಳು. ಜನ ಕೋಣೆಯ ಕಡೆ ನಡೆಯುತ್ತಿದ್ದರು. ಸಂಡೂರಿನ ಕಡೆಯಿಂದ ಬೆನೆದಿಕ್ಕನ ಗುಂಪು ರಸ್ತೆ ಅಂಚಿನಲ್ಲಿ ನಡೆದು ಬರುತ್ತಿತ್ತು. ಲಾರಿಗಳ ಧೂಳು ಎದ್ದು ಎಲ್ಲ ಮುಚ್ಚಿಹೋಯಿತು.

ಸಂಡೂರಿನಲ್ಲಿ ಬಸ್ಸು ತಂಗಿದಷ್ಟು ಹೊತ್ತು ಅವಳು ಚಹಾ ಕೂಡ ಕುಡಿಯಲಿಲ್ಲ. ತಿರುಗಿ ಬರುವಾಗ ಮಾರೆಪ್ಪ ತಾನಾಗಿಯೇ ಹೊಲದ ಎದುರು ಬಸ್ಸು ನಿಲ್ಲಿಸಿ, "ಜಲ್ದಿ ನೋಡಿ ಬಾ," ಎಂದ. ಅವಳು ಓಡಿದಳು. ಜೀಪು ಇರಲಿಲ್ಲ. ಕೋಣೆ ಇದ್ದ ಹಾಗೆಯೇ ಇತ್ತು. ಸುತ್ತಲೂ ಜನ ಕೂತಿದ್ದರು, ಕಂಪ್ಲಿಯವರು ತಂದ ಬುತ್ತಿ ಬಿಚ್ಚಿ ಹಂಚುತ್ತಿದ್ದರು. ಏನಾಯಿತೆಂದು ಸುವರ್ಣಮ್ಮ ಹೇಳಿದಳು. ಯಾರೂ ಬೈದಾಡಲಿಲ್ಲ, ಕಲ್ಲು ಎತ್ತಲಿಲ್ಲ. ಎಲ್ಲರೂ ಕೋಣೆಯ ಸುತ್ತ ಕೂತು ಜಪಸರ ಹೇಳತೊಡಗಿದರು, ಒಂದು ಮಣಿ ತಮಿಳಿನಲ್ಲಿ, ಒಂದು ಕನ್ನಡದಲ್ಲಿ, ಒಂದು ಬೆನೆದಿಕ್ಕನ ಭಾಷೆಯಲ್ಲಿ. ಅಷ್ಟರಲ್ಲಿ ಕೊಟ್ರಬಸಪ್ಪ ಬಂದ. ಗುತ್ತಿಗೆದಾರನ ಎದುರು ನಿಂತು, ಗೋಡೆ ಮುಟ್ಟಿದರೆ ಹೊಲದ ಬಾಡಿಗೆ ಇವತ್ತಿಗೆ ಮುಗಿಯಿತು ಎಂದ. ಆ ಮನುಷ್ಯ ಒಮ್ಮೆ ಜನರತ್ತ ನೋಡಿದ, ಒಮ್ಮೆ ಗುಡ್ಡೆಗಳತ್ತ ನೋಡಿದ, ಜೀಪು ಹತ್ತಿ ಹೋದ. ಸೋಮವಾರ ಅನ್ನಮ್ಮನಿಗೂ ಉಳಿದವರಿಗೂ ಕೆಲಸ ಇತ್ತು. ಮಕ್ಕಳ ಕೈಗೆ ಸುತ್ತಿಗೆ ಕೊಡಬಾರದು ಎಂದು ಹೆಂಗಸರೇ ನಿಂತು ಹೇಳಿದರು.

ಆ ಭಾನುವಾರದ ಮೇಲೆ ಯಾವ ಗುಡಿ ದೊಡ್ಡದು ಎಂಬ ಮಾತು ಪೂರ್ತಿ ನಿಂತಿತು ಅಂದರೆ ಸುಳ್ಳಾದೀತು. ಆದರೆ ಕಂಪ್ಲಿಯ ಹಬ್ಬಕ್ಕೆ ಹೊಸಪೇಟೆಯ ಹಾರ್ಮೋನಿಯಂ ಹೋಯಿತು. ಸಂಡೂರಿನ ಶೆಡ್ಡಿಗೆ ಡ್ಯಾಂ ಕಾಲೋನಿಯ ಹಳೆ ಬೆಂಚುಗಳು ಬಂದವು. ಅನ್ನಮ್ಮನಂಥವರಿಗೆಂದು ಬೇವಿನ ಮರದಡಿ ತಿಂಗಳಿಗೊಮ್ಮೆ ಪೂಜೆ ನಡೆಯಿತು. ಎರಡು ವರ್ಷದ ಮೇಲೆ ಕಬ್ಬು ಕಡಿಯಲು ದೂರದಿಂದ ಕಂಪ್ಲಿಗೆ ಬರುವವರ ಮಕ್ಕಳಿಗೂ ಅಂಥದೇ ಒಂದು ಮನೆ ಶುರುವಾಯಿತು. ಅದು ಬೇಕೆಂದು ಮೊದಲು ಕೇಳಿದವನು ರಾಯಪ್ಪ.

ಮೂರು ಧರ್ಮಕೇಂದ್ರಗಳಿಗೂ ಸೇರಿ ಒಂದು ಪಾಲನಾ ಸಮಿತಿ ಮಾಡಿದಾಗ ಅದರ ಮುಂದಾಳು ಲೂರ್ದಕ್ಕನೇ ಆಗಲಿ ಎಂದು ಇನ್ನಾಸಿಮುತ್ತು ಎದ್ದು ನಿಂತು ಹೇಳಿದ. ಅವಳು ತಲೆ ಅಲ್ಲಾಡಿಸಿದಳು.

"ಆಗಂಗಿಲ್ಲ ಮಾಮಾ. ಸಭೆ ಭಾನುವಾರ ಮಾಡ್ತೀರಿ. ನಂಗ ಡ್ಯೂಟಿ ಇರ್ತೈತಿ."

ಫಾದರ್ ಗಿಲ್ಬರ್ಟ್ ಸಭೆಯತ್ತ ತಿರುಗಿ, ದಿನ ಬದಲಿಸೋಣವೇ ಎಂದು ಕೇಳಿದರು. ಯಾರೂ ಬೇಡ ಎನ್ನಲಿಲ್ಲ. ಅಂದಿನಿಂದ ಮೂರು ಊರುಗಳ ಆ ಸಭೆ ಬುಧವಾರ ಸಂಜೆ ನಡೆಯುತ್ತ ಬಂತು.